ಒಂಟಿಗೈಗೆ ಯಾವ ಆಯುಧ?

ಜರ್ಮನಿಯ ಯಾಗ್ಸ್ಟ್‌ಹೌಸನ್ ಎಂಬ ಪುಟ್ಟ ಊರಿನ ಕೋಟೆಯೊಳಗಿನ ಮ್ಯೂಸಿಯಂನಲ್ಲಿ ಎರಡು ಕಬ್ಬಿಣದ ಕೈಗಳಿವೆ. ಎರಡೂ ಒಬ್ಬನವೇ, ಗೋಟ್ಸ್ ಫಾನ್ ಬೆರ್ಲಿಶಿಂಗನ್ ಎಂಬ ಕುದುರೆ ಸರದಾರನವು. 1504ರಲ್ಲಿ ಲಾಂಡ್ಸ್‌ಹೂಟ್ ಊರಿನ ಮುತ್ತಿಗೆಯ ವೇಳೆ ಫಿರಂಗಿ ಗುಂಡೊಂದು ಅವನ ಕತ್ತಿಯ ಹಿಡಿಗೇ ಬಡಿಯಿತು. ಸೀಳಿದ ಹಿಡಿ ತೋಳಿಗೆ ನುಗ್ಗಿ ಬಲಗೈ ಹೋಯಿತು. ಇನ್ನು ತಾನು ಯುದ್ಧಕ್ಕೆ ಬಾರದವನು ಎಂದು ಹಾಸಿಗೆಯಲ್ಲಿ ಸಾವನ್ನು ಬೇಡುತ್ತಿದ್ದವನಿಗೆ, ಒಂದೇ ಕೈಯಲ್ಲಿ ಕಾದುತ್ತಿದ್ದ ಕೊಖ್ಲೆ ಎಂಬ ಆಳು ನೆನಪಾದನಂತೆ. ಮುಪ್ಪಿನಲ್ಲಿ ಹೇಳಿ ಬರೆಸಿದ ಆತ್ಮಕಥೆಯಲ್ಲಿ ಗೋಟ್ಸ್ ಇದನ್ನು ಹೇಳಿಕೊಂಡಿದ್ದಾನೆ.

ಕೈಗಳಲ್ಲಿ ಒಂದು ಸರಳವಾದದ್ದು, ಇನ್ನೊಂದು ಕುಶಲ ಕೆಲಸದ್ದು. ಈ ಎರಡನೆಯದರಲ್ಲಿ ಪ್ರತಿ ಬೆರಳೂ ಗೆಣ್ಣುಗೆಣ್ಣಿಗೆ ಮಡಚುತ್ತದೆ. ಆದರೆ ತಾನಾಗಿ ಅಲ್ಲ. ಎಡಗೈಯಿಂದ ಬೆರಳನ್ನು ಒತ್ತಿ ಬಾಗಿಸಬೇಕು; ಒಳಗಿನ ಹಲ್ಲುಚಕ್ರ ಅದನ್ನು ಅಲ್ಲೇ ಕಚ್ಚಿ ಹಿಡಿಯುತ್ತದೆ. ಗುಂಡಿ ಒತ್ತಿದರೆ ಸ್ಪ್ರಿಂಗ್ ಬೆರಳುಗಳನ್ನು ಬಿಚ್ಚುತ್ತದೆ. ಅಂದರೆ ಈ ಕೈ ಹಿಡಿದದ್ದನ್ನು ಬಿಡದು, ಆದರೆ ಬೀಸುವ ಹೊತ್ತಿನಲ್ಲಿ ಹಿಡಿತವನ್ನು ಸಡಿಲಿಸಿ ಬಿಗಿ ಮಾಡಲಾರದು. ಲಗಾಮಿಗೆ ಅಷ್ಟು ಸಾಕು, ಕತ್ತಿವರಸೆಗೆ ಸಾಲದು. ಹೀಗಿದ್ದೂ ಗೋಟ್ಸ್ ದಶಕಗಳ ಕಾಲ ಕಾದಾಡಿ, 1562ರಲ್ಲಿ ತೀರಿಕೊಂಡ.

ಒಂಟಿಗೈಯವರಿಗೆ ಆಯುಧ ಆರಿಸುವಾಗ ಮೊದಲು ಕೇಳಬೇಕಾದದ್ದು ಇದನ್ನೇ: ಇಲ್ಲದ ಕೈ ಮಾಡುತ್ತಿದ್ದ ಕೆಲಸ ಯಾವುದು? ಎರಡು ಕೈಯಲ್ಲಿ ಹಿಡಿಯುವ ಉದ್ದ ಈಟಿಯಲ್ಲಿ ಹಿಂದಿನ ಕೈ ನೂಕಿದರೆ ಮುಂದಿನ ಕೈ ಗುರಿ ತಿದ್ದುತ್ತದೆ. ಒಂದು ಕೈ ಹೋದರೆ ಆಯುಧವೇ ಅರ್ಧವಾಗುತ್ತದೆ. ಕತ್ತಿ-ಗುರಾಣಿಯಲ್ಲಿ ಕತ್ತಿ ಉಳಿಯುತ್ತದೆ, ರಕ್ಷಣೆ ಹೋಗುತ್ತದೆ. ಆಗ ಹೊಡೆತವನ್ನು ತಡೆಯುವ ಕೆಲಸವೂ ಕತ್ತಿಯದೇ, ಕಾಲಿನದೇ. ಹಾಗಾಗಿ ಬೆರಳುಗಳಿಗೆ ಕವಚವಿರುವ, ತೂಕ ಹಿಡಿಯ ಹತ್ತಿರ ನಿಲ್ಲುವ ಕತ್ತಿ ಮೇಲು. ಮಣಿಕಟ್ಟು ಬೇಗ ಸೋಲದು.

ಹುಟ್ಟಿನಿಂದಲೇ ಒಂಟಿಗೈಯ ಆಯುಧವೆಂದರೆ ಪಿಸ್ತೂಲು. ಹಂಗೇರಿಯ ಗುರಿಕಾರ ಕಾರೋಯ್ ತಕಾಚ್ ಸೇನೆಯಲ್ಲಿದ್ದಾಗ, 1938ರಲ್ಲಿ, ಗ್ರೆನೇಡ್ ಸಿಡಿದು ಅವನ ಬಲಗೈ ಛಿದ್ರವಾಯಿತು. ಆತ ಯಾರಿಗೂ ಹೇಳದೆ ಎಡಗೈಯಲ್ಲಿ ಅಭ್ಯಾಸ ಮಾಡಿದ. ಮರುವರ್ಷವೇ ರಾಷ್ಟ್ರೀಯ ಚಾಂಪಿಯನ್ ಆದ. 1948ರ ಲಂಡನ್, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನ ಚಿನ್ನ ಗೆದ್ದ. ಈ ಸ್ಪರ್ಧೆಯ ಸೊಗಸೆಂದರೆ, ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯಬೇಕೆಂಬುದು ಎಲ್ಲರಿಗೂ ಇರುವ ನಿಯಮ. ಎದುರಾಳಿಗೆ ಎರಡು ಕೈ ಇದ್ದರೂ ಗುರಿಯಿಡುವಾಗ ಇನ್ನೊಂದರ ಆಸರೆ ಸಿಗುವುದಿಲ್ಲ.

ಬಿಲ್ಲು ಇದಕ್ಕೆ ತದ್ವಿರುದ್ಧ. ಒಂದು ಕೈ ನೂಕದೆ, ಇನ್ನೊಂದು ಎಳೆಯದೆ ಅದು ಬಾಗದು. ಆದರೂ ಒಂಟಿಗೈಯ ಬಿಲ್ಲುಗಾರರಿದ್ದಾರೆ. ಹದಿಹರೆಯದಲ್ಲಿ ಅಪಘಾತದಿಂದ ಬಲಗೈ ಕಳೆದುಕೊಂಡ ಅಮೆರಿಕದ ಎರಿಕ್ ಬೆನೆಟ್ ಹೆದೆಗೆ ಕಟ್ಟಿದ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಿಂದ ಬಿಲ್ಲನ್ನು ಮುಂದಕ್ಕೆ ನೂಕುತ್ತಾರೆ. ಹಲ್ಲು ಸಡಿಲಿಸಿದೊಡನೆ ಬಾಣ ಹೊರಡುತ್ತದೆ. ದವಡೆ, ಕತ್ತು, ಬೆನ್ನು ಮೂರೂ ಎಳೆತ ತಾಳಬೇಕು. ಆದ್ದರಿಂದ ಇಂಥ ಬಿಲ್ಲುಗಾರ ಹಗುರ ಎಳೆತದಿಂದ ಶುರುಮಾಡಿ ಮೆಲ್ಲಗೆ ಮೇಲೇರುವುದೇ ಸರಿ. ಎರಡೂ ಕೈಗಳಿಲ್ಲದೆ ಹುಟ್ಟಿದ ಜಮ್ಮು-ಕಾಶ್ಮೀರದ ಶೀತಲ್ ದೇವಿ ಕಾಲಿನಲ್ಲಿ ಬಿಲ್ಲು ಹಿಡಿದು, ಭುಜದಿಂದ ಹೆದೆ ಎಳೆದು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಮಿಶ್ರ ತಂಡದ ಕಂಚು ಗೆದ್ದರು.

ಆದ್ದರಿಂದ ಒಂಟಿಗೈಯವರಿಗೆ ಇಂಥದ್ದೇ ಆಯುಧವೆಂದು ಪಟ್ಟಿ ಬರೆದಿಡಲು ಬಾರದು. ಕೆಲವು ಆಯುಧಗಳಿಗೆ ಒಂದೇ ಕೈ ಸಾಕು. ಉಳಿದವಕ್ಕೆ ಇಲ್ಲದ ಕೈಯ ಕೆಲಸವನ್ನು ಹಲ್ಲಿಗೋ, ಭುಜಕ್ಕೋ, ಕಾಲಿಗೋ, ಕಮ್ಮಾರನ ಕಬ್ಬಿಣಕ್ಕೋ ಒಪ್ಪಿಸಬೇಕು. ಯಾರಿಗೆ ಒಪ್ಪಿಸಬೇಕೆಂಬುದು ಇತ್ಯರ್ಥವಾದ ಮೇಲೆ ಆಯುಧದ ತೂಕ, ಉದ್ದದ ಮಾತು.