ಅಂತರಜಾಲದ ಹರಿವಿಗೊಂದು ಗೇಜು

ಅಬ್ಬೆತುಮಕೂರಿನಲ್ಲಿ ಒಂದು ಕಂಪನಿಯ ಸಿಮ್ ಬಳಸುವವರು ಯಾದಗಿರಿ ಪಟ್ಟಣದಲ್ಲಿ ಇನ್ನೊಂದು ಕಂಪನಿಯ ಸಿಮ್ ಬಳಸುವವರಿಗೆ ವಿಡಿಯೊ ಕರೆ ಮಾಡಿದರೆ ಆ ಎರಡು ಕಂಪನಿಗಳ ಜಾಲಗಳು ಒಂದನ್ನೊಂದು ಎಲ್ಲಿ ಸಂಧಿಸುತ್ತವೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸರಳವಾಗಿ ಕಂಡರೂ, ಅದರ ಉತ್ತರ ಯಾದಗಿರಿಯ ಎಲ್ಲೆಯೊಳಗೆ ಸಿಗುವುದು ಅಪರೂಪ. ಮೊಬೈಲ್ ಟವರ್‌ನಿಂದ ಹೊರಟ ದತ್ತಾಂಶ ನೆಲದೊಳಗಿನ ಗಾಜಿನ ಎಳೆಗಳ ಮೂಲಕ ಬೆಂಗಳೂರಿಗೋ ಹೈದರಾಬಾದಿಗೋ ಮುಂಬೈಗೋ ಹೋಗಿ, ಅಲ್ಲಿ ಒಂದು ಜಾಲದಿಂದ ಇನ್ನೊಂದಕ್ಕೆ ದಾಟಿ, ಮತ್ತೆ ಅಷ್ಟೇ ದೂರ ಹಿಂದಕ್ಕೆ ಬರುತ್ತದೆ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುವುದರಿಂದ ಬೆಂಗಳೂರಿಗೆ ಹೋಗಿ ಬರುವ ಸುಮಾರು 1000 ಕಿಲೋಮೀಟರ್ ದಾರಿಗೆ 5 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಇನ್ನೂರನೇ ಒಂದು ಭಾಗ ಸಾಕಾಗುತ್ತದೆ; ಮಾತನಾಡುವವರಿಗೆ ಆ ಸುತ್ತುದಾರಿಯ ಅರಿವೇ ಆಗುವುದಿಲ್ಲ.

ಹೀಗೆ ಹಲವು ಕಂಪನಿಗಳ ಜಾಲಗಳು ಒಂದೇ ಕಟ್ಟಡದೊಳಗಿನ ದೊಡ್ಡ ಸ್ವಿಚ್‌ಗಳಿಗೆ ತಮ್ಮ ತಮ್ಮ ತಂತಿ ತಂದು ಜೋಡಿಸಿ, ಪರಸ್ಪರ ದತ್ತಾಂಶವನ್ನು ನೇರವಾಗಿ ಕೊಟ್ಟು ತೆಗೆದುಕೊಳ್ಳುವ ಜಾಗಕ್ಕೆ ಇಂಟರ್ನೆಟ್ ಎಕ್ಸ್‌ಚೇಂಜ್, ಅಂದರೆ ಅಂತರಜಾಲ ವಿನಿಮಯ ಕೇಂದ್ರ ಎನ್ನುತ್ತಾರೆ. ಭಾರತದಲ್ಲಿ ಸಾರ್ವಜನಿಕ ಅಂತರಜಾಲ ಸೇವೆ ವಿಎಸ್‌ಎನ್‌ಎಲ್ ಮೂಲಕ 1995ರ ಆಗಸ್ಟ್ 15ರಂದು ಆರಂಭವಾದರೂ ಇಂಥದೊಂದು ರಾಷ್ಟ್ರೀಯ ಕೇಂದ್ರ ಬರಲು ಎಂಟು ವರ್ಷ ಹಿಡಿಯಿತು. ಆವರೆಗೆ ಒಂದೇ ಊರಿನ ಎರಡು ಸೇವಾ ಕಂಪನಿಗಳ ನಡುವಿನ ದತ್ತಾಂಶವೂ ಎಷ್ಟೋ ಸಲ ಸಮುದ್ರದಾಳದ ಕೇಬಲ್ ಹಿಡಿದು ಅಮೆರಿಕಕ್ಕೆ ಹೋಗಿ ಮರಳಬೇಕಾಗಿತ್ತು. ಒಂದು ದಿಕ್ಕಿಗೆ 14 ಸಾವಿರ ಕಿಲೋಮೀಟರ್ ಎಂದು ಹಿಡಿದರೆ, ಪ್ರಶ್ನೆ ಹೋಗಿ ತಲುಪಲು 28 ಸಾವಿರ, ಉತ್ತರ ಬರಲು ಮತ್ತೆ 28 ಸಾವಿರ ಕಿಲೋಮೀಟರ್ ಆಗುತ್ತಿದ್ದು, ಬೆಳಕಿಗೇ 280 ಮಿಲಿಸೆಕೆಂಡ್ ಬೇಕಾಗುತ್ತಿತ್ತು. ಅದಕ್ಕೂ ಮಿಗಿಲಾಗಿ ಆ ವಿದೇಶಿ ದಾರಿಯ ಬಾಡಿಗೆಯನ್ನು ಡಾಲರ್‌ಗಳಲ್ಲಿ ಕೊಡಬೇಕಾಗಿತ್ತು. ಈ ವ್ಯರ್ಥ ಪ್ರಯಾಣವನ್ನು ತಪ್ಪಿಸಲೆಂದೇ 2003ರ ಜೂನ್‌ನಲ್ಲಿ ಲಾಭರಹಿತ ಕಂಪನಿಯಾಗಿ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಅಂದರೆ ನಿಕ್ಸಿ, ನೋಂದಣಿಯಾಯಿತು. ಮೊದಲು ನೊಯಿಡಾ, ಮುಂಬೈ, ಚೆನ್ನೈ, ಕೋಲ್ಕತ್ತಗಳಲ್ಲಿ ಆರಂಭವಾದ ಅದರ ಕೇಂದ್ರಗಳು ಮುಂದೆ ಬೆಂಗಳೂರು, ಹೈದರಾಬಾದ್ ಮೊದಲಾದ ನಗರಗಳಿಗೂ ಬಂದವು.

ನಿಕ್ಸಿಯೂ ಸೇರಿದಂತೆ ಜಗತ್ತಿನ ಹೆಚ್ಚಿನ ವಿನಿಮಯ ಕೇಂದ್ರಗಳು ತಮ್ಮ ಮೂಲಕ ಎಷ್ಟು ದತ್ತಾಂಶ ಹರಿಯುತ್ತಿದೆ ಎಂಬುದನ್ನು ಸಾರ್ವಜನಿಕರು ನೋಡುವಂತೆ ಗ್ರಾಫ್ ರೂಪದಲ್ಲಿ ಪ್ರಕಟಿಸುತ್ತವೆ. ವ್ಯಾಪಾರಿ ಸಂಸ್ಥೆಗಳು ತಮ್ಮ ಗಿರಾಕಿಗಳ ಲೆಕ್ಕವನ್ನು ಬಚ್ಚಿಡುವುದು ರೂಢಿಯಾಗಿರುವಾಗ ಈ ಕ್ಷೇತ್ರದಲ್ಲಿ ತೆರೆದಿಡುವುದೇ ರೂಢಿಯಾದದ್ದಕ್ಕೆ ಒಂದು ಸಣ್ಣ ತಂತ್ರಾಂಶದ ಚರಿತ್ರೆ ಕಾರಣವಾಗಿದೆ. 1994ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದ ಟೋಬಿಯಾಸ್ ಓಟಿಕರ್ ಎಂಬ ಸ್ವಿಸ್ ತಂತ್ರಜ್ಞನಿಗೆ, ಇಡೀ ಸಂಸ್ಥೆಗೆ ಹೊರಜಗತ್ತಿನ ಸಂಪರ್ಕ ಕೊಡುತ್ತಿದ್ದ ಸೆಕೆಂಡಿಗೆ 64 ಕಿಲೋಬಿಟ್ ಸಾಮರ್ಥ್ಯದ ಒಂದೇ ಒಂದು ತಂತಿ ಎಷ್ಟು ತುಂಬಿದೆ ಎಂದು ಎಲ್ಲರಿಗೂ ತೋರಿಸಬೇಕಾಗಿತ್ತು. ಆತ ಪರ್ಲ್ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಂ ಆಗಾಗ ತಾನಾಗಿಯೇ ಗ್ರಾಫ್ ಬಿಡಿಸಿ ಜಾಲಪುಟದಲ್ಲಿ ಇರಿಸುತ್ತಿತ್ತು. 1995ರಲ್ಲಿ ಅದು ಎಂಆರ್‌ಟಿಜಿ ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ಡೇವ್ ರ‍್ಯಾಂಡ್ ಎಂಬಾತ ಅದರ ನಿಧಾನಗತಿಯ ಭಾಗಗಳನ್ನು ಸಿ ಭಾಷೆಯಲ್ಲಿ ಮತ್ತೆ ಬರೆದು ವೇಗವನ್ನು ಹಲವು ಪಟ್ಟು ಹೆಚ್ಚಿಸಿದ. 1999ರಲ್ಲಿ ಓಟಿಕರ್‌ನೇ ಅದರ ಮುಂದಿನ ರೂಪವಾದ ಆರ್‌ಆರ್‌ಡಿಟೂಲ್ ಅನ್ನು ಹೊರತಂದ. ಒಳಬರುವ ದತ್ತಾಂಶಕ್ಕೆ ಹಸಿರು ಬಣ್ಣ ತುಂಬಿದ ಪಟ್ಟಿ, ಹೊರಹೋಗುವುದಕ್ಕೆ ನೀಲಿ ಗೆರೆ ಎಂಬ ಆತನ ಆಯ್ಕೆ ಮೂರು ದಶಕಗಳಾದರೂ ಎಷ್ಟೋ ಕೇಂದ್ರಗಳ ಗ್ರಾಫ್‌ಗಳಲ್ಲಿ ಹಾಗೆಯೇ ಉಳಿದಿದೆ. ಉಪಕರಣವೇ ಜಾಲಪುಟವನ್ನು ತಯಾರಿಸಿಕೊಡುತ್ತಿದ್ದುದರಿಂದ ಪ್ರಕಟಿಸುವುದಕ್ಕೆ ಬೇರೆ ಶ್ರಮವೇ ಬೇಕಾಗಲಿಲ್ಲ, ಮುಚ್ಚಿಡಬೇಕೆಂದರೆ ಮಾತ್ರ ಶ್ರಮಪಡಬೇಕಾಗಿತ್ತು ಎಂಬುದು ಈ ರೂಢಿಯ ಹಿಂದಿನ ಅರ್ಧ ಕಾರಣವೆನ್ನಬಹುದು.

ಈ ಗ್ರಾಫ್ ತಯಾರಾಗುವ ಬಗೆ ಹೀಗಿದೆ. ಸ್ವಿಚ್‌ನ ಪ್ರತಿಯೊಂದು ಪೋರ್ಟ್‌ಗೆ, ಅಂದರೆ ತಂತಿ ಬಂದು ಸೇರುವ ಬಾಯಿಗೆ, ಅದರ ಮೂಲಕ ಹಾದುಹೋದ ಬೈಟ್‌ಗಳನ್ನು ಒಂದೇ ಸಮನೆ ಎಣಿಸುತ್ತ ಹೋಗುವ ಒಂದು ಎಣಿಕೆಯಂತ್ರವಿರುತ್ತದೆ. 1988ರಲ್ಲಿ ರೂಪುಗೊಂಡ ಎಸ್‌ಎನ್‌ಎಂಪಿ ಎಂಬ ವಿಧಾನದ ಮೂಲಕ ಗ್ರಾಫ್ ಬಿಡಿಸುವ ಕಂಪ್ಯೂಟರ್ 5 ನಿಮಿಷಕ್ಕೊಮ್ಮೆ ಆ ಸಂಖ್ಯೆಯನ್ನು ಓದಿ, ಹಿಂದಿನ ಓದನ್ನು ಕಳೆದು, ಉಳಿದದ್ದನ್ನು 300 ಸೆಕೆಂಡುಗಳಿಂದ ಭಾಗಿಸುತ್ತದೆ. ಮೊದಲಿನ ಎಣಿಕೆಯಂತ್ರಗಳು 32 ಬಿಟ್‌ಗಳವಾಗಿದ್ದು 429 ಕೋಟಿ ಬೈಟ್ ದಾಟಿದೊಡನೆ ಮತ್ತೆ ಸೊನ್ನೆಯಿಂದ ಎಣಿಸತೊಡಗುತ್ತಿದ್ದವು. ಸೆಕೆಂಡಿಗೆ 10 ಮೆಗಾಬಿಟ್ ಹರಿಯುವ ತಂತಿಯಲ್ಲಿ ಈ ಸುತ್ತು ಮುಗಿಯಲು 57 ನಿಮಿಷ ಬೇಕಾಗುತ್ತಿದ್ದುದರಿಂದ ತೊಂದರೆಯಿರಲಿಲ್ಲ. ಆದರೆ ಸೆಕೆಂಡಿಗೆ 1 ಗಿಗಾಬಿಟ್ ಹರಿಯುವ ತಂತಿ 34 ಸೆಕೆಂಡಿಗೇ ಸುತ್ತು ಮುಗಿಸಿ, ಐದು ನಿಮಿಷದೊಳಗೆ ಎಂಟು ಬಾರಿ ಸೊನ್ನೆಯನ್ನು ದಾಟಿಬಿಡುತ್ತದೆ. ಆ ಎಂಟು ಸುತ್ತುಗಳು ಗ್ರಾಫ್ ಬಿಡಿಸುವ ಕಂಪ್ಯೂಟರ್‌ಗೆ ಕಾಣುವುದೇ ಇಲ್ಲವಾದ್ದರಿಂದ, ತುಂಬಿ ಹರಿಯುತ್ತಿರುವ 1000 ಮೆಗಾಬಿಟ್ ತಂತಿ ಗ್ರಾಫ್‌ನಲ್ಲಿ ಬರೀ 84 ಮೆಗಾಬಿಟ್ ಎಂದು ತೋರಿಬರುತ್ತದೆ. ಈ ಕಾರಣದಿಂದಲೇ 1990ರ ದಶಕದಲ್ಲಿ 64 ಬಿಟ್‌ಗಳ ಎಣಿಕೆಯಂತ್ರ ಬಳಕೆಗೆ ಬಂತು. ಸೆಕೆಂಡಿಗೆ 100 ಗಿಗಾಬಿಟ್ ಹರಿದರೂ ಅದು ಸೊನ್ನೆಗೆ ಮರಳಲು 46 ವರ್ಷಕ್ಕಿಂತ ಹೆಚ್ಚು ಬೇಕು.

ಹೀಗೆ ಬಂದ ಅಂಕಿಯನ್ನು ಅರ್ಥ ಮಾಡಿಕೊಳ್ಳಲು ಯಾದಗಿರಿ ಸೀಮೆಯ ಓದುಗರಿಗೆ ನಾರಾಯಣಪುರ ಎಡದಂಡೆ ಕಾಲುವೆಗಿಂತ ಹತ್ತಿರದ ಹೋಲಿಕೆ ಬೇಕಿಲ್ಲ. ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಬಸವಸಾಗರದಿಂದ ಹೊರಟು ಸುರಪುರ, ಶಹಾಪುರಗಳ ಹೊಲಗಳಿಗೆ ಹೋಗುವ ಆ ಕಾಲುವೆಯಲ್ಲಿ ನೀರನ್ನು ಎರಡು ಬಗೆಯಲ್ಲಿ ಅಳೆಯುತ್ತಾರೆ: ಈ ಕ್ಷಣದಲ್ಲಿ ಎಷ್ಟು ಹರಿಯುತ್ತಿದೆ ಎಂಬುದಕ್ಕೆ ಕ್ಯೂಸೆಕ್, ಒಟ್ಟು ಎಷ್ಟು ಹರಿದಿದೆ ಅಥವಾ ಉಳಿದಿದೆ ಎಂಬುದಕ್ಕೆ ಟಿಎಂಸಿ. ಎಕ್ಸ್‌ಚೇಂಜ್‌ನ ಗ್ರಾಫ್ ತೋರಿಸುವ ಸೆಕೆಂಡಿಗೆ ಇಷ್ಟು ಗಿಗಾಬಿಟ್ ಎಂಬುದು ಕ್ಯೂಸೆಕ್‌ನ ಲೆಕ್ಕ. ಮೊಬೈಲ್ ರೀಚಾರ್ಜ್‌ನಲ್ಲಿ ಸಿಗುವ ದಿನಕ್ಕೆ ಇಷ್ಟು ಜಿಬಿ ಎಂಬುದು ಟಿಎಂಸಿಯ ಲೆಕ್ಕ. ಇವೆರಡನ್ನು ಬೆರೆಸಿ, ಬೆಂಗಳೂರಿನಲ್ಲಿ ಇಷ್ಟು ಡೇಟಾ ಖರ್ಚಾಯಿತು ಎಂದು ಗರಿಷ್ಠ ಹರಿವಿನ ಅಂಕಿಯನ್ನು ಹಿಡಿದು ಬರೆಯುವ ಸುದ್ದಿಗಳು, ಕಾಲುವೆಗೆ 8 ಸಾವಿರ ಕ್ಯೂಸೆಕ್ ಬಿಟ್ಟರು ಎಂಬುದನ್ನು 8 ಸಾವಿರ ಟಿಎಂಸಿ ಎಂದು ಓದಿದಷ್ಟೇ ತಪ್ಪು.

ಸರಾಸರಿಯ ಮಾತೂ ಅದೇ ಕಾಲುವೆಯಲ್ಲಿ ಸ್ಪಷ್ಟವಾಗುತ್ತದೆ. ನೀರಾವರಿ ಸಲಹಾ ಸಮಿತಿ ವಾರಾಬಂದಿ ಪದ್ಧತಿಯಂತೆ ಕೆಲವು ದಿನ ಚಾಲು, ಕೆಲವು ದಿನ ಬಂದ್ ಎಂದು ನೀರು ಬಿಟ್ಟಾಗ, ಚಾಲು ದಿನಗಳಲ್ಲಿ ಕಾಲುವೆ ದಂಡೆಯ ಮಟ್ಟಕ್ಕೆ ತುಂಬಿ ಹರಿದಿದ್ದರೂ ಇಡೀ ತಿಂಗಳ ಸರಾಸರಿ ತೆಗೆದರೆ ಅರ್ಧ ಕಾಲುವೆ ಖಾಲಿಯಿತ್ತು ಎಂಬ ಭ್ರಮೆ ಹುಟ್ಟುತ್ತದೆ. ಎಂಆರ್‌ಟಿಜಿಯ ದಿನದ ಗ್ರಾಫ್ 5 ನಿಮಿಷದ, ವಾರದ ಗ್ರಾಫ್ 30 ನಿಮಿಷದ, ತಿಂಗಳ ಗ್ರಾಫ್ 2 ಗಂಟೆಯ, ವರ್ಷದ ಗ್ರಾಫ್ ಇಡೀ ದಿನದ ಸರಾಸರಿಯನ್ನು ತೋರಿಸುವುದರಿಂದ, ಒಂದೇ ರಾತ್ರಿಯ ನೂಕುನುಗ್ಗಲು ಮೊದಲ ಗ್ರಾಫ್‌ನಲ್ಲಿ ಶಿಖರವಾಗಿ ಕಂಡರೆ ಕೊನೆಯದರಲ್ಲಿ ದಿಬ್ಬವಾಗಿಯೂ ಕಾಣಲಾರದು. ಐದು ನಿಮಿಷದ ಸರಾಸರಿಯೂ ಪೂರ್ಣ ಪ್ರಾಮಾಣಿಕವಲ್ಲ: ಎರಡು ನಿಮಿಷ ನೂರಕ್ಕೆ ನೂರು ತುಂಬಿ, ಮೂರು ನಿಮಿಷ ನೂರಕ್ಕೆ ನಲವತ್ತು ಮಾತ್ರ ಹರಿದ ತಂತಿ ಗ್ರಾಫ್‌ನಲ್ಲಿ ನೂರಕ್ಕೆ 64 ಎಂದು ಕಾಣುತ್ತದೆ, ಆದರೆ ಆ ಎರಡು ನಿಮಿಷಗಳಲ್ಲಿ ಕರೆ ಕಡಿದುಕೊಂಡವರಿಗೆ ಆ ಸಮಾಧಾನದಿಂದ ಪ್ರಯೋಜನವಿಲ್ಲ.

ಗೇಜಿನ ಓದನ್ನು ಸಾರ್ವಜನಿಕಗೊಳಿಸುವುದರ ಬೆಲೆ ಕಾಲುವೆಯ ಕೊನೆಯ ಭಾಗದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೇಲಿನವರು ಎಷ್ಟು ಎಳೆದುಕೊಂಡರು ಎಂಬುದು ಗೊತ್ತಾಗದಿದ್ದರೆ ತಮ್ಮ ಪಾಲು ಕೇಳುವುದಕ್ಕೂ ಆಧಾರವಿರುವುದಿಲ್ಲ. ವಿನಿಮಯ ಕೇಂದ್ರಕ್ಕೆ ಹೊಸದಾಗಿ ಸೇರಬೇಕೆನ್ನುವ ಸಣ್ಣ ಸೇವಾ ಕಂಪನಿಯೊಂದು, ಅಂದರೆ ತಾಲ್ಲೂಕು ಮಟ್ಟದಲ್ಲಿ ಮನೆಮನೆಗೆ ಫೈಬರ್ ಎಳೆಯುವ ಕೇಬಲ್ ಆಪರೇಟರ್, ಬೆಂಗಳೂರಿನವರೆಗೆ ತಂತಿ ಬಾಡಿಗೆಗೆ ಪಡೆಯುವ ಮುನ್ನ ಅಲ್ಲಿ ನಿಜಕ್ಕೂ ಹರಿವು ಇದೆಯೋ ಇಲ್ಲವೋ ಎಂದು ನೋಡುವುದು ಈ ಗ್ರಾಫ್‌ನಲ್ಲೇ. ಹಣದ ಲೆಕ್ಕವೂ ಇದಕ್ಕೆ ಅಂಟಿಕೊಂಡಿದೆ. ನಿಕ್ಸಿಯ ಆರಂಭದ ವರ್ಷಗಳಲ್ಲಿ ಕಳಿಸಿದ್ದಕ್ಕಿಂತ ಹೆಚ್ಚು ಪಡೆದುಕೊಂಡ ಕಂಪನಿ ಆ ವ್ಯತ್ಯಾಸಕ್ಕೆ ಹಣ ತೆರಬೇಕೆಂಬ ನಿಯಮವಿತ್ತು. ಜಗತ್ತಿನ ಹಲವೆಡೆ ಸಗಟು ಸಂಪರ್ಕದ ಬಿಲ್ಲನ್ನು ತಿಂಗಳ 8640 ಐದು ನಿಮಿಷದ ಓದುಗಳಲ್ಲಿ ಅತಿ ಎತ್ತರದ ನೂರಕ್ಕೆ ಐದನ್ನು, ಅಂದರೆ 432 ಓದುಗಳನ್ನು ಬಿಟ್ಟು ಉಳಿದವುಗಳಲ್ಲಿ ಗರಿಷ್ಠವಾದುದಕ್ಕೆ ಹಾಕುತ್ತಾರೆ. ಹಾಗಾಗಿ ತಿಂಗಳಲ್ಲಿ ಒಟ್ಟು 36 ಗಂಟೆಗಳ ನೂಕುನುಗ್ಗಲು ಬಿಲ್ಲಿಗೆ ಬರುವುದೇ ಇಲ್ಲ.

ಗ್ರಾಫ್‌ನ ಎತ್ತರಕ್ಕಿಂತ ಅದರ ಆಕಾರವೇ ಹೆಚ್ಚು ಮಾತನಾಡುತ್ತದೆ. ಬೆಳಗಿನ ಜಾವ ತಳ ಮುಟ್ಟಿ, ರಾತ್ರಿ ಊಟದ ಹೊತ್ತಿಗೆ ಶಿಖರ ಏರುವ ಅಲೆ ಆರೋಗ್ಯದ ಲಕ್ಷಣವಾದರೆ, ಶಿಖರ ಇರಬೇಕಾದ ಕಡೆ ಕತ್ತರಿಸಿದಂತೆ ಮಟ್ಟಸವಾಗಿರುವ ತಲೆ ತಂತಿ ಸಾಲದಾಗಿದೆ ಎಂಬುದರ ಖಚಿತ ಗುರುತು. 2020ರ ವಸಂತದಲ್ಲಿ ಯುರೋಪ್ ಲಾಕ್‌ಡೌನ್‌ಗೆ ಒಳಗಾದಾಗ ಆಂಜಾ ಫೆಲ್ಡ್‌ಮನ್ ಮತ್ತು ಸಹೋದ್ಯೋಗಿಗಳು ಸೇವಾ ಕಂಪನಿ ಹಾಗೂ ವಿನಿಮಯ ಕೇಂದ್ರಗಳ ಅಂಕಿಗಳನ್ನು ಪರಿಶೀಲಿಸಿ, ಒಂದು ವಾರದೊಳಗೆ ಹರಿವು ನೂರಕ್ಕೆ 15ರಿಂದ 20ರಷ್ಟು ಏರಿತೆಂದು ಕಂಡುಕೊಂಡರು. ಆದರೆ ಅದಕ್ಕಿಂತ ಕುತೂಹಲದ ಸಂಗತಿಯೆಂದರೆ ವಾರದ ಕೆಲಸದ ದಿನಗಳ ಅಲೆ ಶನಿವಾರ, ಭಾನುವಾರಗಳ ಅಲೆಯ ಆಕಾರಕ್ಕೆ ತಿರುಗಿತ್ತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಸ್ಥಗಿತಗೊಂಡಾಗಲೂ, 2011ರ ಜನವರಿ ಕೊನೆಯಲ್ಲಿ ಈಜಿಪ್ಟ್ ಸರ್ಕಾರ ದೇಶದ ಅಂತರಜಾಲವನ್ನೇ ಕಡಿದುಹಾಕಿದಾಗಲೂ, ಹರಿವಿನ ಕುಸಿತಕ್ಕೆ ಇಂಥ ಗೆರೆಗಳು ಸಾಕ್ಷಿ ನುಡಿದವು.

ಎತ್ತರದ ಅಂಕಿಯನ್ನು ಹಿಡಿದು ಮೆರೆಯುವ ಪ್ರಚಾರವನ್ನು ಮಾತ್ರ ಸಂಶಯದಿಂದಲೇ ನೋಡಬೇಕು. ಜರ್ಮನಿಯ ಫ್ರಾಂಕ್‌ಫರ್ಟ್‌ನ ಡಿಇ-ಸಿಐಎಕ್ಸ್ ಕೇಂದ್ರ 2020ರ ಮಾರ್ಚ್‌ನಲ್ಲಿ ಸೆಕೆಂಡಿಗೆ 9.1 ಟೆರಾಬಿಟ್, ಅದೇ ನವೆಂಬರ್‌ನಲ್ಲಿ 10 ಟೆರಾಬಿಟ್ ದಾಟಿದ್ದಾಗಿ ಸಾರಿದ್ದು ಒಂದು ನಗರದ ಲೆಕ್ಕ, ಬ್ರೆಜಿಲ್‌ನ ಐಎಕ್ಸ್.ಬಿಆರ್ ಸಂಸ್ಥೆ ದೇಶದ ಹಲವು ನಗರಗಳ ತನ್ನ ಕೇಂದ್ರಗಳನ್ನು ಕೂಡಿಸಿ ಹೇಳುವುದು ಇನ್ನೊಂದು ಬಗೆಯ ಲೆಕ್ಕ. ಸ್ವಿಚ್ ಏನನ್ನೂ ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲವಾದ್ದರಿಂದ ಇಡೀ ಕೇಂದ್ರಕ್ಕೆ ಒಳಬಂದದ್ದೂ ಹೊರಹೋದದ್ದೂ ಬಹುತೇಕ ಸಮನಾಗಿರಬೇಕು. ಹೀಗಿರುವಾಗ ಎರಡನ್ನೂ ಕೂಡಿಸಿ ಹೇಳಿದರೆ ಖರ್ಚಿಲ್ಲದೆ ಅಂಕಿ ಇಮ್ಮಡಿಯಾಗುತ್ತದೆ. ಇನ್ನೂ ಮುಖ್ಯವಾದ ಮಾತೆಂದರೆ, ದೊಡ್ಡ ವಿಡಿಯೊ ಕಂಪನಿಗಳು ತಮ್ಮ ಸರ್ವರ್‌ಗಳ ಪ್ರತಿಗಳನ್ನು ಸೇವಾ ಕಂಪನಿಗಳ ಜಾಲದೊಳಗೇ ಇರಿಸುತ್ತವೆ, ಇಲ್ಲವೇ ಅವುಗಳೊಂದಿಗೆ ಖಾಸಗಿ ತಂತಿ ಜೋಡಿಸಿಕೊಳ್ಳುತ್ತವೆ. 2023ರ ನವೆಂಬರ್ 19ರ ವಿಶ್ವಕಪ್ ಕ್ರಿಕೆಟ್ ಫೈನಲ್ ಪಂದ್ಯವನ್ನು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್‌ನಲ್ಲಿ ಒಂದೇ ಸಮಯಕ್ಕೆ 5.9 ಕೋಟಿ ಸಾಧನಗಳಲ್ಲಿ ನೋಡುತ್ತಿದ್ದರೂ, ಇಂಥ ವ್ಯವಸ್ಥೆಯಿದ್ದೆಡೆ ಆ ಹರಿವು ಸಾರ್ವಜನಿಕ ಎಕ್ಸ್‌ಚೇಂಜ್‌ನ ಗೇಜನ್ನು ಮುಟ್ಟುವುದೇ ಇಲ್ಲ. ಅಬ್ಬೆತುಮಕೂರಿನ ವಿಶ್ವಾರಾಧ್ಯ ಮಠದ ಜಾತ್ರೆಗೆ ಸೇರಿದ ಜನ ಒಮ್ಮೆಲೇ ಮೊಬೈಲ್ ತೆರೆದು ಊರ ಟವರ್ ಉಸಿರುಗಟ್ಟಿದರೆ ಅದೂ ಬೆಂಗಳೂರಿನ ಗ್ರಾಫ್‌ನಲ್ಲಿ ಕಾಣದು: ಅಡಚಣೆ ಇರುವುದು ಹಳ್ಳಿಯ ತುದಿಯಲ್ಲಿ, ಗೇಜು ಇರುವುದು ನಗರದ ಬಾಯಲ್ಲಿ.

ಪ್ರಕಟವಾಗುವುದು ಸಾಮಾನ್ಯವಾಗಿ ಎಲ್ಲ ಪೋರ್ಟ್‌ಗಳ ಒಟ್ಟು ಮೊತ್ತ ಮಾತ್ರ. ಯಾವ ಕಂಪನಿ ಎಷ್ಟು ಎಳೆಯಿತು ಎಂಬ ಬಿಡಿ ಲೆಕ್ಕವನ್ನು ಹೆಚ್ಚಿನ ಕೇಂದ್ರಗಳು ಆಯಾ ಸದಸ್ಯರಿಗಷ್ಟೇ ತೋರಿಸುತ್ತವೆ. ಐರ್ಲೆಂಡಿನ ಐನೆಕ್ಸ್ ಕೇಂದ್ರ ರೂಪಿಸಿ ಜಗತ್ತಿಗೆ ಉಚಿತವಾಗಿ ಕೊಟ್ಟ ಐಎಕ್ಸ್‌ಪಿ ಮ್ಯಾನೇಜರ್ ತಂತ್ರಾಂಶದಲ್ಲಿ ಯಾವ ಗ್ರಾಫ್ ಯಾರಿಗೆ ಕಾಣಬೇಕೆಂದು ನಿಗದಿಪಡಿಸುವ ವ್ಯವಸ್ಥೆಯೇ ಇದೆ. ಬಿಡಿ ಲೆಕ್ಕದ ಬಲ ಎಷ್ಟೆಂಬುದನ್ನು 2012ರಲ್ಲಿ ಯುರೋಪಿನ ಒಂದು ದೊಡ್ಡ ಕೇಂದ್ರದ ಅಧ್ಯಯನ ತೋರಿಸಿತು: ಹಾದುಹೋಗುವ ಸಾವಿರಾರು ದತ್ತಾಂಶದ ಪೊಟ್ಟಣಗಳಲ್ಲಿ (ಪ್ಯಾಕೆಟ್) ಒಂದನ್ನು ಮಾತ್ರ ಆರಿಸಿ ಅದರ ತಲೆಬರಹವನ್ನಷ್ಟೇ ಓದುವ ಎಸ್‌ಫ್ಲೋ ಎಂಬ ಮಾದರಿ ವಿಧಾನದಿಂದ, ಸುಮಾರು 400 ಸದಸ್ಯರ ನಡುವೆ 50 ಸಾವಿರಕ್ಕೂ ಹೆಚ್ಚು ನೇರ ಸಂಬಂಧಗಳು ಚಾಲ್ತಿಯಲ್ಲಿರುವುದು ಬಯಲಾಯಿತು, ಹೊರಗಿನಿಂದ ಅಂತರಜಾಲದ ನಕ್ಷೆ ಬಿಡಿಸುತ್ತಿದ್ದವರಿಗೆ ಅವುಗಳಲ್ಲಿ ಬಹುಪಾಲು ಗೊತ್ತೇ ಇರಲಿಲ್ಲ. ಯಾರು ಯಾರೊಂದಿಗೆ ಎಷ್ಟು ವ್ಯವಹರಿಸುತ್ತಾರೆ ಎಂಬುದು ಸ್ಪರ್ಧಿಗಳ ಕೈಸೇರಬಾರದೆಂಬ ಕಾರಣಕ್ಕೆ ಸದಸ್ಯರ ಹೆಸರುಗಳನ್ನು ಮರೆಮಾಚಿಯೇ ಆ ಅಧ್ಯಯನ ಪ್ರಕಟವಾಯಿತು.