ಕಾಡುಹಂದಿ ಕಾಟಕ್ಕೆ ರೈಫಲ್ ಬೇಕೇ? ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಎಣ್ಮಕಜೆ, ಪೈವಳಿಕೆ, ದೇಲಂಪಾಡಿ ಕಡೆಯ ಕೃಷಿಕರಿಗೆ ಇದು ಹೊಸ ಸುದ್ದಿಯೇನಲ್ಲ. ರಾತ್ರಿ ಬಂದ ಹಂದಿ ಹಿಂಡು ಮರಗೆಣಸಿನ ಸಾಲನ್ನು ಅಗೆದು ಹಾಕುತ್ತದೆ, ಬಾಳೆ ಬುಡ ಕಿತ್ತು ಎಸೆಯುತ್ತದೆ, ನೆಟ್ಟ ತೆಂಗಿನ ಸಸಿಯನ್ನೂ ಬಿಡುವುದಿಲ್ಲ. ಒಂದು ವರ್ಷದ ದುಡಿಮೆ ಒಂದೇ ರಾತ್ರಿಗೆ ಮಣ್ಣುಪಾಲು. ಆಗ ಮನೆಯ ಹುಡುಗರ ಬಾಯಲ್ಲಿ ಬರುವ ಮೊದಲ ಮಾತು, "ಒಂದು ಒಳ್ಳೆಯ ರೈಫಲ್ ಇದ್ದಿದ್ದರೆ!"

ಈ ಮಾತಿನ ಹಿಂದೆ ಮೊಬೈಲಿನಲ್ಲಿ ನೋಡಿದ ಅಮೆರಿಕದ ಬೇಟೆ ವೀಡಿಯೊಗಳೂ ಇರುತ್ತವೆ. ಅಲ್ಲಿ ಅಂಗಡಿಗೆ ಹೋಗಿ ರೈಫಲ್ ಆರಿಸಿ ಮನೆಗೆ ತರುತ್ತಾರೆ. ಇಲ್ಲಿ ಕೋವಿ ಎಂದರೆ ಕಾನೂನು, ಪೊಲೀಸ್, ಪಂಚಾಯತ್, ನೆರೆಮನೆ ಎಲ್ಲವೂ ಸೇರಿದ ವ್ಯವಹಾರ. ಇದು ಗೊತ್ತಿಲ್ಲದೆ ಮುಂದುವರಿದು ಹಂದಿಯ ಬದಲು ತಾನೇ ಬಲೆಗೆ ಬಿದ್ದರೆ ಅನುಭವಿಸುವುದು ಇಡೀ ಕುಟುಂಬ.

ಬೋಲ್ಟ್ ಆಕ್ಷನ್ ಎಂದರೇನು?

ಬೋಲ್ಟ್ ಆಕ್ಷನ್ ರೈಫಲ್ ಕೆಲಸ ಮಾಡುವ ರೀತಿ ಬಾಗಿಲ ಚಿಲಕದಂತೆ. ಹಿಡಿಯನ್ನು ಮೇಲೆತ್ತಿ ಹಿಂದಕ್ಕೆ ಎಳೆದರೆ ಖಾಲಿ ತೋಟೆ ಹೊರಗೆ ಹಾರುತ್ತದೆ. ಮುಂದಕ್ಕೆ ತಳ್ಳಿದರೆ ಮ್ಯಾಗಜಿನ್‌ನಲ್ಲಿರುವ ಹೊಸ ತೋಟೆ ನಳಿಗೆಯ ಬುಡಕ್ಕೆ ಸೇರುತ್ತದೆ. ಹಿಡಿಯನ್ನು ಕೆಳಗೆ ಮಡಚಿದರೆ ಬೀಗ ಬಿದ್ದಂತೆ. ಪ್ರತಿ ಗುಂಡಿಗೂ ಈ ಕೆಲಸವನ್ನು ಕೈಯಿಂದಲೇ ಮಾಡಬೇಕು.

ಚಲಿಸುವ ಭಾಗಗಳು ಕಡಿಮೆ, ಬೀಗ ಗಟ್ಟಿ, ಗುರಿ ನಿಖರ. ಹಾಗಾಗಿಯೇ ನೂರು ವರ್ಷ ಕಳೆದರೂ ಈ ವಿನ್ಯಾಸ ಹಳತಾಗಿಲ್ಲ. ಜರ್ಮನಿಯ ಮೌಸರ್ 1898ರ ಮಾದರಿ ಮತ್ತು ಬ್ರಿಟಿಷರ ಲೀ ಎನ್‌ಫೀಲ್ಡ್ ಇದರಲ್ಲಿ ಹೆಸರಾದವು. ಜಿಮ್ ಕಾರ್ಬೆಟ್ ಬಳಸುತ್ತಿದ್ದ ಪ್ರಸಿದ್ಧ ರಿಗ್ಬಿ .275 ಕೂಡ ಮೌಸರ್ ಬಗೆಯ ಬೋಲ್ಟ್ ರೈಫಲ್ಲೇ.

ನಮ್ಮ ದೇಶದಲ್ಲಿ ನಾಗರಿಕರ ಕೈಯಲ್ಲಿ ಹೆಚ್ಚಾಗಿ ಕಾಣುವುದು ಸರಕಾರಿ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್. ಬಂಗಾಳದ ಈಶಾಪುರದಲ್ಲಿ ತಯಾರಾದ ಇದರ ಬೋಲ್ಟ್ ಲೀ ಎನ್‌ಫೀಲ್ಡ್ ಮಾದರಿಯದು. ಸೇನೆಯ .303 ತೋಟೆ ಜನಸಾಮಾನ್ಯರ ಕೈಗೆ ಸಿಗಬಾರದೆಂದು ಬ್ರಿಟಿಷರ ಕಾಲದಲ್ಲಿ ಬೇರೆ ಅಳತೆಯ .315 ಬಳಕೆಗೆ ಬಂತು. ಇಂದಿಗೂ .303 ನಿಷೇಧಿತ ಬೋರ್, .315 ಹಾಗಲ್ಲ.

ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ?

ಆಯ್ಕೆಯ ಮೊದಲ ಪ್ರಶ್ನೆ ಬ್ರ್ಯಾಂಡ್ ಯಾವುದು ಎಂಬುದಲ್ಲ, ತಪ್ಪಿದ ಗುಂಡು ಎಲ್ಲಿ ಹೋಗುತ್ತದೆ ಎಂಬುದು. ಕೈಗೆ ಹಗುರವೆನಿಸುವ .22 ಗುಂಡೂ ಒಂದೂವರೆ ಕಿಲೋಮೀಟರ್ ದೂರದವರೆಗೆ ಅಪಾಯಕಾರಿ. .315, .30-06 ಮೊದಲಾದ ದೊಡ್ಡ ರೈಫಲ್‌ಗಳ ಗುಂಡು ಅದಕ್ಕಿಂತ ಬಹಳ ದೂರ ಸಾಗುತ್ತದೆ. ನಮ್ಮ ಕಡೆ ಒಂದು ತೋಟ ದಾಟಿದರೆ ಇನ್ನೊಂದು ಮನೆ, ಗುಡ್ಡದ ಆಚೆ ಮದ್ರಸ, ಕೆಳಗೆ ರಸ್ತೆ. ನಸುಕಿನಲ್ಲಿ ಟ್ಯಾಪಿಂಗ್‌ಗೆ ಹೊರಟವರು, ಸುಬಹಿ ನಮಾಝ್‌ಗೆ ಮಸೀದಿಗೆ ನಡೆದು ಹೋಗುವವರು ಇರುತ್ತಾರೆ.

ಆದ್ದರಿಂದ ಇಕ್ಕಟ್ಟಾದ ತೋಟಗಳಿಗೆ ಹನ್ನೆರಡು ಬೋರಿನ ತೋಟೆಕೋವಿಯೇ ಹೆಚ್ಚು ಹೊಂದುತ್ತದೆ. ಅದರ ದಪ್ಪ ಚರೆ ಮೂವತ್ತು, ನಲವತ್ತು ಮೀಟರಿನೊಳಗೆ ಕೆಲಸ ಮಾಡುತ್ತದೆ, ರೈಫಲ್ ಗುಂಡಿನಷ್ಟು ದೂರ ಹೋಗುವುದಿಲ್ಲ. ಹಾಗೆಂದು ಚರೆ ಅಪಾಯವಿಲ್ಲದ್ದು ಎಂದಲ್ಲ. ಗುರಿಯ ಹಿಂದೆ ಮಣ್ಣಿನ ದಿಬ್ಬ ಕಾಣದಿದ್ದರೆ ಯಾವ ಕೋವಿಯಿಂದಲೂ ಈಡು ಹೊಡೆಯಬಾರದು.

ಕಾನೂನು ಕೂಡ ಇದೇ ದಾರಿಯಲ್ಲಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆ ಮೊದಲು ಹೇಳುವುದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು, ನಮ್ಮವರು ಕೇಪಿನ ಕೋವಿ ಎನ್ನುವುದನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ನಯನಳಿಗೆಯ ಬೇರೆ ಕೋವಿಗೆ ಲೈಸೆನ್ಸ್ ಕೊಡಬಹುದು. ದೊಡ್ಡ ರೈಫಲ್ ಬೇಕಿದ್ದರೆ ಅದಕ್ಕೆ ತಕ್ಕ ಕಾರಣವನ್ನು ಅರ್ಜಿದಾರನೇ ತೋರಿಸಬೇಕು.

ಲೈಸೆನ್ಸ್ ದಾರಿ

ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಅರ್ಜಿ ಹೋಗುವುದು ಜಿಲ್ಲಾಡಳಿತಕ್ಕೆ, ವರದಿ ಕೊಡುವುದು ಪೊಲೀಸರು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ವೈದ್ಯಕೀಯ ಪ್ರಮಾಣಪತ್ರ, ಕೋವಿ ಬಳಕೆಯ ಸುರಕ್ಷಾ ತರಬೇತಿ ಮತ್ತು ಮನೆಯಲ್ಲಿ ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ ಬೇಕು. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ, ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ.

"ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ, ನಮಗ್ಯಾಕೆ?" ಎಂದು ಕೇಳುವವರಿದ್ದಾರೆ. ಆ ವಿನಾಯಿತಿ ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ. ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿದೆ. ಕಾಸರಗೋಡಿಗೂ ದಕ್ಷಿಣ ಕನ್ನಡಕ್ಕೂ ಅದು ಅನ್ವಯಿಸುವುದಿಲ್ಲ.

ಮನೆ ವಿಟ್ಲದಲ್ಲಿ, ತೋಟ ಪೈವಳಿಕೆಯಲ್ಲಿ ಇರುವವರು ಇನ್ನೊಂದು ವಿಷಯ ಗಮನಿಸಬೇಕು. ಲೈಸೆನ್ಸ್ ಯಾವ ಪ್ರದೇಶಕ್ಕೆ ಅನ್ವಯ ಎಂದು ಅದರಲ್ಲೇ ನಮೂದಾಗಿರುತ್ತದೆ. ಕರ್ನಾಟಕಕ್ಕೆ ಮಾತ್ರ ಸೀಮಿತವಾದ ಲೈಸೆನ್ಸ್ ಹಿಡಿದು ಗಡಿ ದಾಟಿದರೆ ಅದು ಅಪರಾಧ. ನಮಗೆ ಗಡಿ ಎಂದರೆ ದಿನಕ್ಕೆ ನಾಲ್ಕು ಸಲ ದಾಟುವ ರಸ್ತೆ ಇರಬಹುದು, ಕೋವಿಗೆ ಹಾಗಲ್ಲ.

ಕೋವಿ ಇದ್ದರೂ ಬೇಟೆಗೆ ಹಕ್ಕಿಲ್ಲ

ಹೆಚ್ಚಿನವರು ಎಡವುವುದು ಇಲ್ಲೇ. ಕೋವಿ ಲೈಸೆನ್ಸ್ ಎಂದರೆ ಕೋವಿ ಇಟ್ಟುಕೊಳ್ಳುವ ಅನುಮತಿ. ಪ್ರಾಣಿ ಕೊಲ್ಲುವ ಅನುಮತಿ ಬೇರೆಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ದೇಶದಲ್ಲಿ ಬೇಟೆಯನ್ನು ನಿಷೇಧಿಸಿದೆ. ಜೀವಕ್ಕೆ ಅಥವಾ ನಿಂತ ಬೆಳೆಗೆ ಅಪಾಯ ತರುವ ಕೆಲವು ಪ್ರಾಣಿಗಳ ವಿಷಯದಲ್ಲಿ ಮಾತ್ರ ಅಧಿಕಾರ ಪಡೆದವರು ಲಿಖಿತ ಆದೇಶ ಕೊಡಬಹುದು.

ಕೇರಳ ಸರಕಾರ 2022ರ ಮೇ ತಿಂಗಳಲ್ಲಿ ಕಾಡುಹಂದಿಯ ಮಟ್ಟಿಗೆ ಈ ಅಧಿಕಾರವನ್ನು ಸ್ಥಳೀಯಾಡಳಿತಕ್ಕೆ ವಹಿಸಿತು. ಕೃಷಿಕ ಪಂಚಾಯತಿಗೆ ದೂರು ಕೊಡಬೇಕು. ಆದೇಶ ಸಿಕ್ಕಿದ ಮೇಲೆ ಪಂಚಾಯತ್ ಪಟ್ಟಿಯಲ್ಲಿರುವ ಲೈಸೆನ್ಸ್‌ದಾರ ಈಡುಗಾರರು ಬಂದು ಹಂದಿಯನ್ನು ಕೊಲ್ಲುತ್ತಾರೆ. ವಿಷ, ಸ್ಫೋಟಕ, ವಿದ್ಯುತ್ ತಂತಿ ಬಳಸುವಂತಿಲ್ಲ. ಸತ್ತ ಹಂದಿಯನ್ನು ದಾಖಲೆ ಮಾಡಿ ಹೂಳಬೇಕು. ಈ ವ್ಯವಸ್ಥೆಯ ಅವಧಿಯನ್ನು ಆಗಾಗ ವಿಸ್ತರಿಸಲಾಗಿದೆ. ಹಾಗಾಗಿ ಈಗ ಜಾರಿಯಲ್ಲಿರುವ ಆದೇಶ ಏನು ಹೇಳುತ್ತದೆ ಎಂದು ಮೊದಲು ಪಂಚಾಯತ್ ಕಚೇರಿಯಲ್ಲೇ ವಿಚಾರಿಸಬೇಕು. ಗಡಿಯ ಈಚೆ, ಬಂಟ್ವಾಳ, ಪುತ್ತೂರು ತಾಲೂಕುಗಳಲ್ಲಿ ಈ ಆದೇಶ ನಡೆಯುವುದಿಲ್ಲ. ಅಲ್ಲಿ ಕರ್ನಾಟಕ ಅರಣ್ಯ ಇಲಾಖೆಯನ್ನೇ ಕೇಳಬೇಕು.

ಇದರಲ್ಲಿ ಒಂದು ಸಮಾಧಾನವೂ ಇದೆ. ಬೆಳೆ ಉಳಿಸಲು ಪ್ರತಿ ಮನೆಯಲ್ಲಿ ಕೋವಿ ಇರಬೇಕಾಗಿಲ್ಲ. ಪಟ್ಟಿಯಲ್ಲಿರುವ ಒಬ್ಬ ನುರಿತ ಈಡುಗಾರ ಹತ್ತು ಮನೆಯ ತೋಟ ಕಾಯಬಲ್ಲ.

ಕಡವೆ, ಮೊಲ, ಕೊಕ್ಕರೆಗಳಿಗೆ ಈ ಹಂದಿ ಆದೇಶ ಸಂಬಂಧಿಸಿದ್ದಲ್ಲ. ಇಪ್ಪತ್ತು ಜೂಲ್‌ಗಿಂತ ಕಡಿಮೆ ಶಕ್ತಿಯ .177 ಏರ್‌ಗನ್‌ಗೆ ಲೈಸೆನ್ಸ್ ಬೇಡ ನಿಜ. ಆದರೆ ಅದರಿಂದ ಕಾಡಿನ ಹಕ್ಕಿ ಹೊಡೆದರೂ ಬೇಟೆಯೇ. ಜೀವವಿರುವ ಪ್ರಾಣಿಯನ್ನು ಗುರಿ ಅಭ್ಯಾಸಕ್ಕೆ ಬಳಸುವುದನ್ನು ಪ್ರವಾದಿಯವರು ಸ್ಪಷ್ಟವಾಗಿ ನಿಷೇಧಿಸಿದ್ದಾರೆ ಎಂಬುದನ್ನೂ ನಮ್ಮ ಮಕ್ಕಳಿಗೆ ಹೇಳಿಕೊಡಬೇಕು.

ಕೊಳ್ಳುವಾಗ ಏನು ನೋಡಬೇಕು?

ಲೈಸೆನ್ಸ್ ಸಿಕ್ಕಿ, ರೈಫಲ್‌ಗೇ ಅನುಮತಿ ದೊರೆತವರು ಅಧಿಕೃತ ಡೀಲರ್ ಬಳಿಯೇ ಹೋಗಬೇಕು. ಮೊದಲ ಮಾತು, ತೋಟೆ ಸುಲಭವಾಗಿ ಸಿಗುವ ಬೋರ್ ಆಗಿರಲಿ. .22 ಗುರಿ ಅಭ್ಯಾಸಕ್ಕೆ ಸರಿ, ಹಂದಿಗೆ ಸಾಲದು. ಗಾಯಗೊಂಡು ಓಡುವ ಹಂದಿ ನರಳುತ್ತದೆ, ಎದುರಿಗೆ ಸಿಕ್ಕವರ ಮೇಲೂ ಬೀಳುತ್ತದೆ.

ಹಳೆಯ ರೈಫಲ್ ಆದರೆ ನಂಬಿಕೆಯ ಕೋವಿ ರಿಪೇರಿಯವರನ್ನು ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು. ಬೋಲ್ಟ್ ತೆಗೆದು ನಳಿಗೆಯ ಒಳಗೆ ಬೆಳಕಿಗೆ ಹಿಡಿದು ನೋಡಿದರೆ ಸುರುಳಿ ಗೀರುಗಳು ಚೂಪಾಗಿ ಹೊಳೆಯಬೇಕು. ತುಕ್ಕು ತಿಂದ ಗುಳಿಗಳಿದ್ದರೆ ಅಥವಾ ನಳಿಗೆಯ ಬಾಯಿ ಜಜ್ಜಿದ್ದರೆ ಗುರಿ ನಿಲ್ಲುವುದಿಲ್ಲ. ಬೋಲ್ಟ್ ಮೇಲಿನ ನಂಬರ್ ಮತ್ತು ಕೋವಿಯ ನಂಬರ್ ಒಂದೇ ಇರಬೇಕು. ಬೇರೆ ಕೋವಿಯ ಬೋಲ್ಟ್ ಹಾಕಿದ್ದರೆ ಬೀಗದ ಅಳತೆ ತಪ್ಪಿ ತೋಟೆ ಬುಡದಲ್ಲೇ ಒಡೆಯುವ ಅಪಾಯವಿದೆ. ಖಾಲಿ ಕೋವಿಯ ಬೋಲ್ಟ್ ಮುಚ್ಚಿ ಸೇಫ್ಟಿ ಹಾಕಿದಾಗ ಟ್ರಿಗರ್ ಕೆಲಸ ಮಾಡಬಾರದು. ಹಿಡಿಯ ಮರದಲ್ಲಿ ಬಿರುಕು ಇರಬಾರದು.

ಕೊನೆಯದು ಮೈಗೆ ಹೊಂದುವುದು. ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ ಕಣ್ಣು ತೆರೆದಾಗ ಗುರಿಗೆರೆ ನೇರ ಕಾಣಬೇಕು. ದುಬಾರಿ ದುರ್ಬೀನು ಹಾಕಿಸುವುದಕ್ಕಿಂತ ಮಾನ್ಯತೆ ಪಡೆದ ರೈಫಲ್ ಕ್ಲಬ್‌ನಲ್ಲಿ ಐವತ್ತು ಮೀಟರಿಗೆ ಗುರಿ ಸರಿಪಡಿಸಿಕೊಂಡು ಅಭ್ಯಾಸ ಮಾಡುವುದು ಹೆಚ್ಚು ಪ್ರಯೋಜನಕಾರಿ.

ಮನೆಯಲ್ಲಿ ಕೋವಿ

ಬೋಲ್ಟ್ ರೈಫಲ್‌ನ ದೊಡ್ಡ ಅನುಕೂಲವೆಂದರೆ ಬೋಲ್ಟನ್ನು ಪೂರ್ತಿ ಹೊರಗೆ ತೆಗೆದಿಡಬಹುದು. ಬೋಲ್ಟ್ ಇಲ್ಲದ ರೈಫಲ್ ಬರೀ ಕಬ್ಬಿಣದ ಕೊಳವೆ. ಕೋವಿ ಒಂದು ಬೀಗದಲ್ಲಿ, ಬೋಲ್ಟ್ ಮತ್ತು ತೋಟೆ ಇನ್ನೊಂದು ಬೀಗದಲ್ಲಿ, ಕೀಲಿ ಲೈಸೆನ್ಸ್‌ದಾರನ ಹತ್ತಿರ. ಮಕ್ಕಳಿರುವ ಮನೆಯಲ್ಲಿ ಇದಕ್ಕೆ ವಿನಾಯಿತಿ ಬೇಡ.

ನಮ್ಮ ಕರಾವಳಿ ಮಳೆಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಚರ್ಮದ ಚೀಲದಲ್ಲಿ ಇಟ್ಟರೆ ತೇವ ಒಳಗೇ ಉಳಿಯುತ್ತದೆ. ಒಣಬಟ್ಟೆಯಿಂದ ಒರೆಸಿ ತೆಳುವಾಗಿ ಎಣ್ಣೆ ಹಚ್ಚಬೇಕು, ಬಳಸುವ ಮುನ್ನ ನಳಿಗೆಯೊಳಗಿನ ಎಣ್ಣೆ ಒರೆಸಬೇಕು. ಹಸಿರುಗಟ್ಟಿದ ಹಳೆಯ ತೋಟೆ ಬಳಸಬಾರದು. ಟ್ರಿಗರ್ ಎಳೆದರೂ ಸಿಡಿಯದಿದ್ದರೆ ತಕ್ಷಣ ಬೋಲ್ಟ್ ತೆರೆಯದೆ, ನಳಿಗೆಯನ್ನು ಮಣ್ಣಿನ ದಿಬ್ಬದತ್ತ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಬೇಕು.

ಅಜ್ಜನ ಕಾಲದ ಕೋವಿ ಅಟ್ಟದಲ್ಲಿದ್ದರೆ ಅದನ್ನು ಹಾಗೇ ಬಿಡಬಾರದು. ಲೈಸೆನ್ಸ್‌ದಾರ ತೀರಿಕೊಂಡ ಮೇಲೆ ಕೋವಿಯನ್ನು ಪೊಲೀಸ್ ಠಾಣೆ ಅಥವಾ ಡೀಲರ್ ಬಳಿ ಒಪ್ಪಿಸಿ ವಾರಸುದಾರರು ಅರ್ಜಿ ಹಾಕಬೇಕು. ಲೈಸೆನ್ಸ್‌ದಾರನಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ ಹೊಂದಿ 25 ವರ್ಷ ಕಳೆದಿದ್ದರೆ ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸುವ ಅವಕಾಶವೂ ನಿಯಮದಲ್ಲಿದೆ.

ತಪ್ಪಿದರೆ ಏನಾಗುತ್ತದೆ?

ಲೈಸೆನ್ಸ್ ಇಲ್ಲದ ಕೋವಿ ಇಟ್ಟುಕೊಂಡರೆ ಎರಡರಿಂದ ಐದು ವರ್ಷದವರೆಗೆ ಜೈಲು. ಮದುವೆ ಮನೆಯಲ್ಲಿ ಖುಷಿಗೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ವನ್ಯಜೀವಿ ಪ್ರಕರಣದಲ್ಲಿ ಶಿಕ್ಷೆಯಾದರೆ ಕೋರ್ಟ್ ಕೋವಿ ಲೈಸೆನ್ಸ್ ರದ್ದು ಮಾಡಿ ಐದು ವರ್ಷ ಹೊಸದು ಸಿಗದಂತೆ ಆದೇಶಿಸಬಹುದು. ಬೇಟೆಗೆ ಬಳಸಿದ ವಾಹನವೂ ಹೋಗುತ್ತದೆ. ಕೇಸು ಮೈಮೇಲಿದ್ದರೆ ಗಲ್ಫ್‌ಗೆ ಹೊರಡಬೇಕಾದ ಹುಡುಗನ ಪಾಸ್‌ಪೋರ್ಟ್, ಪೊಲೀಸ್ ಕ್ಲಿಯರೆನ್ಸ್ ಎಲ್ಲವೂ ಸಿಕ್ಕಿಹಾಕಿಕೊಳ್ಳುತ್ತವೆ. ಬ್ಯಾಗಿನ ಮೂಲೆಯಲ್ಲಿ ಮರೆತ ಒಂದು ತೋಟೆಯೂ ವಿಮಾನ ನಿಲ್ದಾಣದಲ್ಲಿ ಕೇಸಾಗುತ್ತದೆ.

ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಪೊದೆ ಅಲುಗಾಡಿತು, ಹಂದಿಯೆಂದು ಹೊಡೆದರು, ಹತ್ತಿರ ಹೋಗಿ ನೋಡಿದರೆ ಜೊತೆಗೆ ಬಂದ ಗೆಳೆಯ. ಮಲೆನಾಡಿನಲ್ಲೂ ನಮ್ಮ ಗಡಿ ಊರುಗಳಲ್ಲೂ ಇಂಥ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಹಂದಿ ಅಗೆದ ಗೆಣಸನ್ನು ಮುಂದಿನ ಮಳೆಗೆ ಮತ್ತೆ ನೆಡಬಹುದು. ಹೋದ ಜೀವಕ್ಕೆ ಅಲ್ಲಾಹನ ಮುಂದೆಯೂ ಆ ಮನೆಯವರ ಮುಂದೆಯೂ ಉತ್ತರ ಕೊಡಲು ಸಾಧ್ಯವಿಲ್ಲ. ಗುರಿ ಏನೆಂದು ಕಣ್ಣಿಗೆ ಖಚಿತವಾಗಿ ಕಾಣುವವರೆಗೆ ಬೆರಳು ಟ್ರಿಗರ್‌ನ ಹೊರಗೇ ಇರಬೇಕು. ಅಷ್ಟು ತಾಳ್ಮೆ ಇಲ್ಲದವರು ಪಂಚಾಯತ್ ಪಟ್ಟಿಯ ಈಡುಗಾರನನ್ನು ಕರೆಸುವುದೇ ಸರಿ.