ಶಸ್ತ್ರಚಿಕಿತ್ಸೆಯ ಅನಂತರದ ದಿನಗಳು

ನಮ್ಮ ಗಂಡಸರು ಹೃದಯದ ಕಾಯಿಲೆಯನ್ನು ಹತ್ತು ಜನರ ಮುಂದೆ ಹೇಳಿಕೊಳ್ಳಬಲ್ಲರು. ಪ್ರಾಸ್ಟೇಟ್ ಗ್ರಂಥಿಯ ಮಾತು ಬಂದರೆ ಮನೆಯವರ ಮುಂದೆಯೂ ಬಾಯಿ ಕಟ್ಟುತ್ತದೆ. ಆ ಗ್ರಂಥಿಯ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಸಂಕಟದಲ್ಲಿ ಒಂದು ಪಾಲು ದೇಹದ್ದಾದರೆ ಇನ್ನೊಂದು ಪಾಲು ಈ ಸಂಕೋಚದ್ದು.

ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದಿರುವ ಗ್ರಂಥಿ ಇದು. ಇದನ್ನು ಪೂರ್ತಿಯಾಗಿ ತೆಗೆದಮೇಲೆ ಮೂತ್ರಕೋಶದ ಬಾಯಿಯನ್ನು ನಾಳಕ್ಕೆ ಸೇರಿಸಿ ಹೊಲಿಯುತ್ತಾರೆ. ಹೊಲಿಗೆ ಕೂಡಿಕೊಳ್ಳುವವರೆಗೆ, ಸಾಮಾನ್ಯವಾಗಿ ಒಂದೆರಡು ವಾರ, ಕ್ಯಾಥೆಟರ್ ಎಂಬ ನಳಿಕೆ ಒಳಗಿರುತ್ತದೆ. ಅದರಿಂದ ಕೆರಳಿದ ಮೂತ್ರಕೋಶ ಆಗಾಗ ಹಿಂಡಿಕೊಳ್ಳುತ್ತದೆ. ಕೆಳಹೊಟ್ಟೆಯಲ್ಲಿ ಸೆಳೆತ ಬರುವುದು ಹೀಗೆ. ಹೊಲಿಗೆಯೇ ಬಿಚ್ಚಿತೆಂದು ಗಾಬರಿಪಡಬೇಕಾಗಿಲ್ಲ. ನಳಿಕೆ ಜಗ್ಗದಂತೆ ಅದನ್ನು ತೊಡೆಗೆ ಅಂಟಿಸಿಕೊಂಡು, ಮೂತ್ರದ ಚೀಲವನ್ನು ಸದಾ ಮೂತ್ರಕೋಶಕ್ಕಿಂತ ಕೆಳಗಿರಿಸಬೇಕು. ಸೆಳೆತ ಹೆಚ್ಚಾದರೆ ಅದಕ್ಕೆ ಔಷಧಿಯುಂಟು.

ಕೆಲವು ನೋವಿನ ಗುಳಿಗೆಗಳು ಮಲಬದ್ಧತೆಯನ್ನು ತರುತ್ತವೆ. ತಿಣುಕುವುದು ಹಸಿ ಹೊಲಿಗೆಗೆ ಹಿತವಲ್ಲ. ಸೊಪ್ಪು, ಹಣ್ಣು, ಬೇಕಾದಷ್ಟು ನೀರು, ವೈದ್ಯರು ಹೇಳಿದರೆ ಮಲ ಸಡಿಲಿಸುವ ಔಷಧಿ ಇವೇ ಇದಕ್ಕೆ ಉಪಾಯ. ಮನೆಯೊಳಗಿನ ನಡೆದಾಟ ಕರುಳಿಗೂ ಒಳ್ಳೆಯದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲೂ ಸಹಾಯಕ. ತುಂಬಿದ ಕೊಡ ಎತ್ತುವಂಥ ಕೆಲಸ ಕೆಲವು ವಾರ ಬೇಡ.

ನಳಿಕೆ ತೆಗೆದ ದಿನ ಹಲವರು ಕುಗ್ಗಿಹೋಗುತ್ತಾರೆ. ಕೆಮ್ಮಿದರೆ, ಎದ್ದುನಿಂತರೆ ಬಟ್ಟೆ ಒದ್ದೆ. ಮೂತ್ರವನ್ನು ತಡೆಯುವ ಹೊಣೆ ಈಗ ಬಹುಮಟ್ಟಿಗೆ ಕೆಳಗಿನ ಸ್ನಾಯುವಿನದು, ಅದು ಬಲಗೊಳ್ಳಬೇಕು. ಅದಕ್ಕೆ ತಕ್ಕ ವ್ಯಾಯಾಮವನ್ನು ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಹೆತ್ತ ತಾಯಂದಿರಿಗಾಗಿ ವಿವರಿಸಿದರು. ಗಂಡಸರು ಅದನ್ನು ಅವರಿಂದ ಎರವಲು ಪಡೆದರು. ಅಪಾನವಾಯುವನ್ನು ತಡೆಯುವಾಗಿನಂತೆ ಸ್ನಾಯುವನ್ನು ಒಳಕ್ಕೆಳೆದು, ಕೆಲವು ಕ್ಷಣ ಹಿಡಿದು, ಸಡಿಲಿಸುವುದು. ನಳಿಕೆ ಇರುವಾಗ ಇದು ಸಲ್ಲದು; ತೆಗೆದಮೇಲೆ ದಿನವೂ ಮಾಡಬೇಕು. ಫಲ ಕಾಣಲು ತಿಂಗಳುಗಳು, ಕೆಲವರಿಗೆ ವರ್ಷವೇ, ಹಿಡಿಯಬಹುದು. ಅಲ್ಲಿಯವರೆಗೆ ತೇವ ಹೀರುವ ಪ್ಯಾಡ್ ಧರಿಸುವುದರಲ್ಲಿ ನಾಚಿಕೆಯೇನು? ಸೋರುವ ಭಯದಿಂದ ನೀರನ್ನೇ ಬಿಟ್ಟರೆ ಮೂತ್ರ ಗಾಢವಾಗಿ ಉರಿ ಹೆಚ್ಚುತ್ತದೆ.

ಗ್ರಂಥಿಯ ಮಗ್ಗುಲಲ್ಲೇ ಹಾಯುವ ನರಗಳಿಗೆ ಪೆಟ್ಟಾಗಿ ದಾಂಪತ್ಯಸುಖಕ್ಕೂ ಕೊರತೆ ಬರಬಹುದು. ಅದಕ್ಕೂ ಚಿಕಿತ್ಸೆಯುಂಟು, ಮೊದಲು ಮಡದಿಯೊಡನೆ ಮಾತನಾಡಬೇಕು, ವೈದ್ಯರಲ್ಲಿ ಹೇಳಬೇಕು.

ಮೂತ್ರ ತುಸು ಕೆಂಪಾಗಿರುವುದು ಮೊದಮೊದಲು ಸಹಜ. ಆದರೆ ಜ್ವರ, ಮೂತ್ರ ಕಟ್ಟಿಕೊಳ್ಳುವುದು, ರಕ್ತದ ಗಡ್ಡೆಗಳು, ಮೀನಖಂಡದ ಬಾವು, ಎದೆನೋವು, ಏದುಸಿರು ಇವು ತಾಳಿಕೊಳ್ಳುವಂಥವಲ್ಲ. ಕೂಡಲೇ ಆಸ್ಪತ್ರೆಗೆ ಹೋಗಬೇಕು. ನಳಿಕೆ ಜಾರಿ ಹೊರಬಂದರೂ ಅಷ್ಟೆ, ತಾವಾಗಿ ತೂರಿಸಬಾರದು.

ವೈದ್ಯರು ಕೇಳಿದಾಗ “ಪರವಾಗಿಲ್ಲ” ಎಂದು ಎದ್ದುಬರುವುದು ನಮ್ಮ ಹಿರಿಯರ ವಾಡಿಕೆ. ಈ ಒಂದು ಕಾಯಿಲೆಯ ಮಟ್ಟಿಗಾದರೂ ಆ ಸೌಜನ್ಯವನ್ನು ಬದಿಗಿಡುವುದು ಮೇಲು.